ಯಾರೂ ಇಲ್ಲದ ಮನೆಯಲ್ಲಿ ಒಂದು ರಾತ್ರಿ

ಬಟ್ಟೆ ಒಗೆಯುವ ಸೋಡಾವನ್ನು ಅರಿಯದವರು ಇರಲಾರರು. ಉಪ್ಪು ಮತ್ತು ಸುಣ್ಣಕಲ್ಲುಗಳಿಂದ, ಅಮೋನಿಯದ ನೆರವಿನೊಡನೆ, ಅದನ್ನು ಹೇರಳವಾಗಿಯೂ ಅಗ್ಗವಾಗಿಯೂ ತಯಾರಿಸುವ ಕ್ರಮವನ್ನು ಕಾರ್ಖಾನೆಗೆ ತಂದವನು ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೇ (೧೮೩೮–೧೯೨೨). ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಅವನ ಪರಿಚಯ ಈ ಸೋಡಾದ ಮೂಲಕವೇ. ಭೌತಶಾಸ್ತ್ರವನ್ನು ಓದುವವರಿಗೆ ಬೇರೊಂದು ಬಗೆಯಿಂದ ಅವನ ಹೆಸರು ತಿಳಿದಿರುತ್ತದೆ. ೧೯೧೧ರಲ್ಲಿ ಬ್ರಸೆಲ್ಸ್ ನಗರದಲ್ಲಿ ಪ್ಲಾಂಕ್, ಐನ್‌ಸ್ಟೈನ್, ಮೇರಿ ಕ್ಯೂರಿ, ರದರ್‌ಫರ್ಡ್ ಮೊದಲಾದವರನ್ನು ಒಂದೇ ಮೇಜಿನ ಸುತ್ತ ಕುಳ್ಳಿರಿಸಿದ ಪ್ರಸಿದ್ಧ ಸಮ್ಮೇಳನವು ನಡೆದುದು ಅವನ ಹಣದಿಂದ. ಇದೇ ಸಾಲ್ವೇಯ ಹೆಸರನ್ನು ಹೊತ್ತ ಮೂರನೆಯ ವಸ್ತುವೊಂದಿದೆ. ಅದು ಪುಸ್ತಕದಲ್ಲಿಲ್ಲ, ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ಗಡಿಯಲ್ಲಿರುವ ಮ್ಯಾಟರ್‌ಹಾರ್ನ್ ಪರ್ವತದ ಕಡಿದಾದ ಏಣಿನ ಮೇಲೆ, ೪೦೦೩ ಮೀಟರ್ ಎತ್ತರದಲ್ಲಿ, ಬಂಡೆಗೆ ಅಂಟಿಕೊಂಡಂತೆ ನಿಂತಿರುವ ಒಂದು ಮರದ ಗುಡಿಸಲು.

ಮ್ಯಾಟರ್‌ಹಾರ್ನ್ ೪೪೭೮ ಮೀಟರ್ ಎತ್ತರದ ಶಿಖರ. ೧೮೬೫ರಲ್ಲಿ ಮೊದಲ ಬಾರಿಗೆ ಅದನ್ನು ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಅಂದಿನಿಂದ ಇಂದಿನವರೆಗೆ ಅಲ್ಲಿ ನಡೆದಿರುವ ಅಪಘಾತಗಳಲ್ಲಿ ಅನೇಕವು ಇಳಿಯುವಾಗಿನವೇ. ಆಯಾಸಗೊಂಡ ಕಾಲು, ಕವಿಯುವ ಮಂಜು, ಹಠಾತ್ತಾಗಿ ಬರುವ ಬಿರುಗಾಳಿ, ಮುಗಿದುಹೋಗುವ ಹಗಲು, ಇವೆಲ್ಲ ಒಟ್ಟಾಗಿ ಸೇರುವುದು ಆ ಹೊತ್ತಿನಲ್ಲಿ. ಪರ್ವತಗಳನ್ನು ಬಹುವಾಗಿ ಪ್ರೀತಿಸುತ್ತಿದ್ದ ಸಾಲ್ವೇ ಕೊಟ್ಟ ಹಣದಿಂದ ೧೯೧೫ರಲ್ಲಿ ಈ ಗುಡಿಸಲು ಎದ್ದಿತು. ಹತ್ತು ಜನ ಮಲಗಬಹುದು. ಕಾವಲುಗಾರನಿಲ್ಲ, ಅಡಿಗೆಯವನಿಲ್ಲ. ಮುಂಚಿತವಾಗಿ ಯೋಚಿಸಿ ಅಲ್ಲಿ ತಂಗುವಂತೆಯೂ ಇಲ್ಲ. ಗಾಳಿಗೆ, ಗಾಯಕ್ಕೆ ಅಥವಾ ಕತ್ತಲೆಗೆ ಸಿಕ್ಕಿಬಿದ್ದವರಿಗೆ ಮಾತ್ರ ಅದು ಮೀಸಲು.

ಇಂತಹ ಆಳಿಲ್ಲದ ತಂಗುಮನೆಗಳು ಪರ್ವತಪ್ರದೇಶಗಳಲ್ಲಿ ಹಲವಿವೆ. ಸ್ಕಾಟ್ಲೆಂಡಿನಲ್ಲಿ ಕುರುಬರೂ ರೈತರೂ ಬಿಟ್ಟುಹೋದ ಕಲ್ಲಿನ ಮನೆಗಳನ್ನು ೧೯೬೫ರಲ್ಲಿ ಸ್ಥಾಪಿತವಾದ ಸಂಘವೊಂದು ಸ್ವಯಂಸೇವಕರ ಶ್ರಮದಿಂದ ಸುಸ್ಥಿತಿಯಲ್ಲಿಟ್ಟಿದೆ. ಬಾಗಿಲಿಗೆ ಬೀಗವಿಲ್ಲ, ಬಾಡಿಗೆಯೂ ಇಲ್ಲ. ಇಟಲಿಯ ಪರ್ವತಾರೋಹಿಗಳು ೧೯೨೦ರ ದಶಕದಲ್ಲಿ ಮತ್ತೂ ವಿಚಿತ್ರವಾದ ಒಂದು ಮಾದರಿಯನ್ನು ರೂಪಿಸಿದರು. ಉದ್ದಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದರೆ ಹೇಗೋ ಹಾಗೆ ಅದರ ಆಕಾರ. ಅಗಲ ಸುಮಾರು ಎರಡು ಮೀಟರ್, ಉದ್ದ ಅದಕ್ಕಿಂತ ತುಸು ಹೆಚ್ಚು, ಎತ್ತರ ಒಂದೂಕಾಲು ಮೀಟರ್ ಮಾತ್ರ. ಮರದ ಹಲಗೆಯ ಗೋಡೆ, ಅದರ ಹೊರಗೆ ಸತುವಿನ ತಗಡು. ಬಿಡಿಬಿಡಿಯಾಗಿ ಹೊತ್ತು ತಂದು ಏಣಿನ ಮೇಲೆ ಜೋಡಿಸುತ್ತಿದ್ದರು. ಅದರೊಳಗೆ ನಿಲ್ಲಲಾಗದು, ತೆವಳಿ ಹೋಗಿ ನಾಲ್ವರು ಸಾಲಾಗಿ ಮಲಗಬೇಕು. ನಮ್ಮ ಕುಮಾರಪರ್ವತದ ಹಾದಿಯಲ್ಲಿ ಕಂಬಗಳ ಮೇಲೆ ಚಪ್ಪಡಿ ಹೊದಿಸಿದ ಕಲ್ಲುಮಂಟಪವನ್ನು ಕಂಡವರಿಗೆ ಈ ಮನೆಗಳ ಉದ್ದೇಶವು ಹೊಸದೆನಿಸದು. ಆದರೆ ಮಂಟಪವು ಬಿಸಿಲು ಮಳೆಗಳನ್ನು ತಡೆದರೆ ಸಾಕು. ಹಿಮಪರ್ವತದ ಗುಡಿಸಲಿಗೆ ಎದುರಾಗಿರುವ ಶತ್ರು ಬೇರೆ.

ಅಲ್ಲಿ ಒಲೆ ಉರಿಯುತ್ತಿಲ್ಲ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಹಾಗಿರುವಾಗ ಗುಡಿಸಲು ತನ್ನೊಳಗೆ ಹೊಕ್ಕವನಿಗೆ ಕೊಡುವುದೇನು? ‘ಬೆಚ್ಚಗಿನ ಆಸರೆ’ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಉತ್ತರ ತಪ್ಪು. ಗುಡಿಸಲಿನಲ್ಲಿ ಶಾಖವೆಂಬುದು ಲವಲೇಶವೂ ಇಲ್ಲ. ಅಲ್ಲಿ ದೊರೆಯುವ ಶಾಖವೆಲ್ಲವೂ ಹೊಕ್ಕವನು ತನ್ನ ಮೈಯಲ್ಲಿ ಹೊತ್ತು ತಂದದ್ದೇ. ಇದನ್ನು ಚೆನ್ನಾಗಿ ಮನಗಾಣದಿದ್ದವರು ಅಂಥ ಮನೆಯೊಳಗೆ ಹೋದ ಮೇಲೂ ಅಪಾಯಕ್ಕೆ ಗುರಿಯಾಗುತ್ತಾರೆ.

ಗುಡಿಸಲಿನ ಮೊದಲನೆಯ ಉಪಕಾರವೆಂದರೆ ಗಾಳಿಯನ್ನು ನಿಲ್ಲಿಸುವುದು. ನಮ್ಮ ಚರ್ಮಕ್ಕೆ ತಾಗಿಕೊಂಡು ಬೆಚ್ಚಗಿನ ಗಾಳಿಯ ತೆಳುವಾದ ಪದರವೊಂದು ಸದಾ ಇರುತ್ತದೆ. ನಿಶ್ಚಲವಾದ ಗಾಳಿಯು ಶಾಖವನ್ನು ಬಹು ನಿಧಾನವಾಗಿ ಸಾಗಿಸುವುದರಿಂದ ಈ ಪದರವೇ ನಮಗೆ ಮೊದಲ ಅಂಗಿ. ಬೀಸುವ ಗಾಳಿ ಈ ಅಂಗಿಯನ್ನು ಕ್ಷಣಕ್ಷಣಕ್ಕೂ ಕಿತ್ತೊಗೆಯುತ್ತದೆ. ದೇಹವು ಮತ್ತೊಂದನ್ನು ಕಾಯಿಸಿ ತೊಡಬೇಕಾಗುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕದ ಸಂಶೋಧಕರು ೧೯೪೦–೪೧ರಲ್ಲಿ ಅಂಟಾರ್ಕ್ಟಿಕದಲ್ಲಿ ಇದನ್ನು ಸರಳವಾದ ಒಂದು ಪ್ರಯೋಗದಿಂದ ಅಳೆದರು. ಪ್ಲಾಸ್ಟಿಕ್ಕಿನ ಚಿಕ್ಕ ಉರುಳೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕುವುದು, ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕಾಯಿತೆಂದು ಗುರುತಿಸುವುದು, ಇಷ್ಟೇ ಅದರ ಕ್ರಮ. ಗಾಳಿಯ ವೇಗ ಹೆಚ್ಚಿದಂತೆ ಹೊತ್ತು ಕಡಿಮೆಯಾಗುತ್ತ ಬಂದಿತು. ಅವರ ಲೆಕ್ಕವನ್ನು ತಿದ್ದಿ ಇಂದು ಬಳಸುತ್ತಿರುವ ಸೂತ್ರದ ಪ್ರಕಾರ, ಉಷ್ಣತೆಯು ಸೊನ್ನೆಗಿಂತ ೧೦ ಡಿಗ್ರಿ ಕೆಳಗಿದ್ದು ಗಾಳಿ ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದ್ದರೆ, ಬರಿಯ ಮುಖಕ್ಕೆ ಅದು ಸೊನ್ನೆಗಿಂತ ೨೩ ಡಿಗ್ರಿ ಕೆಳಗಿನ ಚಳಿಯಂತೆ ತೋರುತ್ತದೆ. ಹಾಗೆಂದು ಗಾಳಿಯು ಯಾವ ವಸ್ತುವನ್ನೂ ಮೈನಸ್ ೧೦ಕ್ಕಿಂತ ಕೆಳಗೆ ಇಳಿಸಲಾರದು. ಶಾಖ ಸೋರುವ ವೇಗ ಮಾತ್ರ ಹೆಚ್ಚುತ್ತದೆ. ಜೀವಂತ ದೇಹಕ್ಕೆ ಈ ವೇಗವೇ ಪ್ರಾಣಾಂತಿಕ. ಬಾಗಿಲು ಮುಚ್ಚಿದ ಗಳಿಗೆಯಲ್ಲಿಯೇ, ಒಳಗಿನ ಉಷ್ಣತೆ ಒಂದು ಡಿಗ್ರಿಯೂ ಏರದಿದ್ದರೂ, ಬದುಕುವ ಸಾಧ್ಯತೆ ಬಹುವಾಗಿ ಹೆಚ್ಚುವುದು ಇದರಿಂದಲೇ.

ಇನ್ನು ಒಳಗಿನ ಉಷ್ಣತೆ. ಮಲಗಿ ನಿದ್ರಿಸುವ ಮನುಷ್ಯನೊಬ್ಬನು ಸುಮಾರು ೭೫ ವಾಟ್ ಶಾಖವನ್ನು ಹೊರಸೂಸುತ್ತಾನೆ. ಹಳೆಯ ಕಾಲದ ತಂತಿಯ ವಿದ್ಯುದ್ದೀಪದಷ್ಟು ಎನ್ನಬಹುದು. ಇಟಲಿಯ ಪೀಪಾಯಿಮನೆಯನ್ನು ಉದಾಹರಣೆಗೆ ತೆಗೆದುಕೊಂಡು ಒಂದು ಲೆಕ್ಕ ಮಾಡೋಣ. ವಾಚಕರು ಕಾಗದ ಪೆನ್ಸಿಲುಗಳನ್ನು ಹಿಡಿದು ಜೊತೆಗೆ ಬರಬಹುದು. ನಾಲ್ವರಿಂದ ಒಟ್ಟು ೩೦೦ ವಾಟ್. ಮನೆಯ ಗೋಡೆ, ನೆಲ, ಮಾಡು ಎಲ್ಲ ಸೇರಿ ಸುಮಾರು ೧೬ ಚದರ ಮೀಟರ್. ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆಯಾದರೆ, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಪ್ರತಿ ಚದರ ಮೀಟರಿನ ಮೂಲಕ ಎರಡೂವರೆ ವಾಟ್‌ನಷ್ಟು ಶಾಖ ಹೊರಗೆ ಹೋಗುತ್ತದೆ. ಅಂದರೆ ಇಡೀ ಮನೆಯಿಂದ ಡಿಗ್ರಿಗೆ ೪೦ ವಾಟ್. ಬರುವ ೩೦೦ ವಾಟ್ ಹಾಗೂ ಹೋಗುವ ಶಾಖ ಸಮನಾಗಬೇಕಾದರೆ ಅಂತರವು ಏಳೂವರೆ ಡಿಗ್ರಿಯಾಗಬೇಕು. ಹೊರಗೆ ಮೈನಸ್ ೧೦ ಇದ್ದರೆ ಒಳಗೆ ಮೈನಸ್ ಎರಡೂವರೆ!

ಇಷ್ಟೇ. ಬಾಟಲಿಯ ನೀರು ಒಳಗೂ ಹೆಪ್ಪುಗಟ್ಟುತ್ತದೆ. ಆದರೂ ಗಾಳಿಯಿಲ್ಲದ ಮೈನಸ್ ಎರಡೂವರೆಯಲ್ಲಿ ಒಳ್ಳೆಯ ಹೊದಿಕೆಯುಳ್ಳವನು ಸುಖವಾಗಿ ನಿದ್ರಿಸಬಲ್ಲನು. ಇನ್ನು ಅದೇ ಮನೆಯಲ್ಲಿ ಒಬ್ಬನೇ ಮಲಗಿದರೆ? ೭೫ನ್ನು ೪೦ರಿಂದ ಭಾಗಿಸಿದರೆ ಎರಡು ಡಿಗ್ರಿಯೂ ಬಾರದು. ಇಪ್ಪತ್ತು ಜನರಿಗಾಗಿ ಕಟ್ಟಿದ ಮನೆಯಲ್ಲಿ ಒಂಟಿಯಾಗಿ ಮಲಗಿದವನ ಪಾಡನ್ನು ಹೇಳುವಂತೆಯೇ ಇಲ್ಲ. ಅವನು ಶಾಖದ ದೃಷ್ಟಿಯಿಂದ ಬಯಲಿನಲ್ಲಿಯೇ ಇದ್ದಾನೆ. ಒಂದೂಕಾಲು ಮೀಟರ್ ಎತ್ತರದ ಮನೆಯನ್ನು ಕಟ್ಟಿದವರು ಜಿಪುಣರಲ್ಲವೆಂದು ಈಗ ತಿಳಿಯುತ್ತದೆ. ದೊಡ್ಡ ಗುಡಿಸಲನ್ನು ಹೊಕ್ಕವರು ಒಂದೊಂದು ಮೂಲೆಯನ್ನು ಹಿಡಿಯುವುದು ಸಭ್ಯತೆಯಿರಬಹುದು, ಬುದ್ಧಿವಂತಿಕೆಯಲ್ಲ.

ಚಳಿಗೆ ನಡುಕ ಬಂದಾಗ ದೇಹವು ಹಲವು ಪಟ್ಟು ಹೆಚ್ಚು ಶಾಖವನ್ನು ಉತ್ಪಾದಿಸುತ್ತದೆಂಬುದು ನಿಜ. ಆದರೆ ನಡುಗುತ್ತ ನಿದ್ರಿಸಲಾಗದು, ಮತ್ತು ಅದಕ್ಕೆ ಬೇಕಾದ ಇಂಧನವು ಮಾಂಸಖಂಡದಲ್ಲಿ ಇಡೀ ರಾತ್ರಿಗೆ ಸಾಲುವಷ್ಟು ಇರದು. ಮಲಗುವ ಮುನ್ನ, ಹಸಿವಿಲ್ಲದಿದ್ದರೂ, ಏನಾದರೂ ಸಿಹಿಯನ್ನೋ ಕೊಬ್ಬಿನ ಪದಾರ್ಥವನ್ನೋ ತಿನ್ನಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಹಾಸಿಗೆಯ ವಿಷಯದಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ಕಂಬಳಿ ಬೆಚ್ಚಗಿರುವುದು ಉಣ್ಣೆಯಿಂದಲ್ಲ, ಉಣ್ಣೆಯ ಎಳೆಗಳ ನಡುವೆ ಸೆರೆಸಿಕ್ಕ ಗಾಳಿಯಿಂದ. ಮೈಯ ಕೆಳಗೆ ಬಿದ್ದ ಭಾಗವು ಭಾರಕ್ಕೆ ಅಮುಕಿ ಹೋಗಿ ಗಾಳಿಯನ್ನು ಕಳೆದುಕೊಳ್ಳುತ್ತದೆ. ಬಂಡೆಕಲ್ಲು ನಿಶ್ಚಲವಾದ ಗಾಳಿಗಿಂತ ಸುಮಾರು ನೂರು ಪಟ್ಟು ಚೆನ್ನಾಗಿ ಶಾಖವನ್ನು ವಹಿಸಬಲ್ಲದು. ಒಣಮರವಾದರೆ ಐದಾರು ಪಟ್ಟು ಮಾತ್ರ. ಆದುದರಿಂದ ಎರಡು ಕಂಬಳಿಗಳಿದ್ದು ನೆಲ ಕಲ್ಲಿನದಾಗಿದ್ದರೆ ಒಂದನ್ನು ಮಡಿಸಿ ಕೆಳಗೆ ಹಾಸುವುದೇ ಸರಿ. ಹಗ್ಗದ ಸುರುಳಿ, ಬರಿದಾದ ಬೆನ್ನುಚೀಲ, ಹಳೆಯ ವೃತ್ತಪತ್ರಿಕೆ ಯಾವುದಾದರೂ ಸರಿ, ಕೆಳಗೆ ಹೋಗಲಿ. ಒದ್ದೆಯಾದ ಬೂಟುಗಳನ್ನು ಮಾತ್ರ ಹೊದಿಕೆಯೊಳಗೆ ಇಟ್ಟುಕೊಂಡು ಮಲಗಬೇಕು. ಹೇಸಿಗೆಯೆನಿಸಬಹುದು, ಆದರೆ ಹೊರಗಿಟ್ಟ ಬೂಟು ಬೆಳಗಾಗುವಷ್ಟರಲ್ಲಿ ಕಲ್ಲಾಗಿ ಕಾಲನ್ನು ಒಳಗೆ ಬಿಡದು.

ನೀರಿನ ಸಮಸ್ಯೆ ಇನ್ನೊಂದು. ಸುತ್ತಲೂ ಹಿಮ ರಾಶಿಬಿದ್ದಿದ್ದರೂ ಕುಡಿಯಲು ಹನಿ ನೀರಿರುವುದಿಲ್ಲ. ಹಿಮವನ್ನೇ ತಿಂದರೇನು ಎಂದು ಬಾಯಾರಿದವನಿಗೆ ತೋರುವುದು ಸಹಜ. ಅರ್ಧ ಕಿಲೋಗ್ರಾಮ್ ಹಿಮವನ್ನು ಮೈನಸ್ ೧೦ರಿಂದ ಸೊನ್ನೆಗೆ ತಂದು, ಕರಗಿಸಿ, ದೇಹದ ಉಷ್ಣತೆಗೆ ಏರಿಸಲು ಸುಮಾರು ೬೦ ಕಿಲೋಕ್ಯಾಲರಿ ಶಾಖ ಬೇಕು. ನಿದ್ರಿಸುವ ದೇಹವು ಒಂದು ಗಂಟೆಯಲ್ಲಿ ಉತ್ಪಾದಿಸುವ ಶಾಖವೂ ಹೆಚ್ಚುಕಡಿಮೆ ಅಷ್ಟೇ! ಆದುದರಿಂದ ಹಿಮವನ್ನು ಒಲೆಯ ಮೇಲೆ ಕರಗಿಸಿ ಕುಡಿಯಬೇಕು. ಇದಕ್ಕೆ ತಗಲುವ ಇಂಧನವನ್ನು ಮೊದಲ ಸಲ ಹೋದವರು ಎಂದೂ ಸರಿಯಾಗಿ ಅಂದಾಜು ಮಾಡಿರುವುದಿಲ್ಲ. ಒಂದು ಕಿಲೋಗ್ರಾಮ್ ಹಿಮವು ನೀರಾಗುವುದಕ್ಕೇ ೮೫ ಕಿಲೋಕ್ಯಾಲರಿ ಬೇಕು. ಆ ನೀರು ಕುದಿಯಲು ಮತ್ತೆ ಅಷ್ಟೇ. ಎಂದರೆ ಒಲೆಯ ಅರ್ಧ ದುಡಿಮೆಯು ಉಷ್ಣತಾಮಾಪಕಕ್ಕೆ ಕಾಣದ ಗುಪ್ತೋಷ್ಣಕ್ಕೇ ಸಲ್ಲುತ್ತದೆ. ಹೊಸದಾಗಿ ಬಿದ್ದ ಹಿಮವಾದರೆ ಪಾತ್ರೆ ತುಂಬ ತುಂಬಿದರೂ ಕರಗಿದ ಮೇಲೆ ತಳದಲ್ಲಿ ಒಂದು ಬೆರಳು ನೀರು. ಬರಿಯ ಹಿಮವನ್ನೇ ಹಾಕಿದರೆ ತಳ ಸೀಯುವುದುಂಟು. ಮೊದಲು ಸ್ವಲ್ಪ ನೀರು ಹೊಯ್ದು ಹಿಮವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಕುದಿಯುವ ನೀರೂ ಅಲ್ಲಿ ನಮ್ಮೂರಿನ ಕುದಿಯುವ ನೀರಲ್ಲ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಪಾದರಸದ ೭೬ ಸೆಂಟಿಮೀಟರಿನಿಂದ ಸುಮಾರು ೪೬ಕ್ಕೆ ಇಳಿದಿರುತ್ತದೆ. ನೀರು ೮೭ ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವುದನ್ನು ಕಾದು ಕುಳಿತವರು ಬೆಳಗಿನವರೆಗೂ ಕಾಯಬೇಕಾದೀತು.

ಒಲೆಯ ಮಾತು ಬಂದಿತು. ಇಲ್ಲಿಯವರೆಗೆ ಹೇಳಿದ ಕಷ್ಟಗಳಲ್ಲಿ ತಪ್ಪು ಮಾಡಿದವನು ಚಳಿಯಿಂದ ನರಳಬಹುದು. ಇಲ್ಲಿ ತಪ್ಪಿದವನು ನರಳುವುದೂ ಇಲ್ಲ. ಚಳಿಗೆ ಹೆದರಿದವರು ಏನು ಮಾಡುತ್ತಾರೆ? ಬಾಗಿಲನ್ನು ಭದ್ರವಾಗಿ ಮುಚ್ಚಿ, ಕಿಂಡಿಗಳಿಗೆ ಬಟ್ಟೆ ತುರುಕಿ, ಒಲೆ ಹೊತ್ತಿಸಿ ಕುಳಿತುಕೊಳ್ಳುತ್ತಾರೆ. ನಾಲ್ಕು ಶತಮಾನಗಳ ಹಿಂದೆ ಹಾಗೆ ಮಾಡಿದವರ ಕಥೆಯೊಂದು ಉಳಿದುಬಂದಿದೆ. ೧೫೯೬ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಮತ್ತು ಅವನ ಸಂಗಡಿಗರ ಹಡಗು ಆರ್ಕ್ಟಿಕ್ ಸಾಗರದ ನೊವಾಯಾ ಝೆಮ್ಲ್ಯಾ ದ್ವೀಪದ ಬಳಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ತೇಲಿಬಂದ ಮರ, ಹಡಗಿನ ಹಲಗೆ ಇವುಗಳಿಂದ ಅವರು ದಡದಲ್ಲಿ ಒಂದು ಮನೆಯನ್ನು ಕಟ್ಟಿಕೊಂಡರು. ಡಿಸೆಂಬರಿನ ಒಂದು ದಿನ ಚಳಿ ತಾಳಲಾರದೆ ಹಡಗಿನಿಂದ ಕಲ್ಲಿದ್ದಲನ್ನು ತಂದು ಉರಿಸಿದರು. ಮನೆ ಬಹಳ ಬೆಚ್ಚಗಾಯಿತು. ಆ ಸುಖವು ಕಳೆದುಹೋಗಬಾರದೆಂದು ಬಾಗಿಲನ್ನೂ ಹೊಗೆಗೂಡನ್ನೂ ಮುಚ್ಚಿ, ಮಲಗಿಕೊಂಡು ಹರಟುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ತಲೆ ಸುತ್ತತೊಡಗಿತು. ಮೊದಲು ಅದನ್ನು ಗುರುತಿಸಿದವನು ಅವರಲ್ಲಿದ್ದ ಒಬ್ಬ ರೋಗಿ. ಕೆಲವರು ಹೇಗೋ ತೆವಳಿ ಹೋಗಿ ಬಾಗಿಲು ತೆರೆದರು. ಮುಂದಾಗಿ ಹೋದವನು ಹಿಮದ ಮೇಲೆ ಮೂರ್ಛೆಬಿದ್ದನು. ಅದುವರೆಗೆ ತಮ್ಮ ವೈರಿಯಾಗಿದ್ದ ಚಳಿಯೇ ಆ ದಿನ ಒಳಹೊಕ್ಕು ತಮ್ಮನ್ನು ಉಳಿಸಿತೆಂದು ದಿನಚರಿ ಬರೆದ ಗೆರಿಟ್ ಡಿ ವೀರ್ ವಿಸ್ಮಯಪಟ್ಟಿದ್ದಾನೆ.

ಅವರನ್ನು ಹಿಡಿದುದು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ಅದರ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಇಂಧನವು ಸಾಕಷ್ಟು ಆಮ್ಲಜನಕವಿಲ್ಲದೆ ಅರೆಬರೆಯಾಗಿ ಉರಿದಾಗ ಇದು ಹುಟ್ಟುತ್ತದೆ. ಒಲೆಯ ಮೇಲೆ ಹಿಮ ತುಂಬಿದ ತಣ್ಣನೆಯ ಪಾತ್ರೆಯನ್ನಿಟ್ಟಾಗ ಜ್ವಾಲೆಯು ತಳಕ್ಕೆ ತಾಗಿ ತಣ್ಣಗಾಗಿ ದಹನವು ನಡುವೆಯೇ ನಿಂತುಬಿಡುವುದುಂಟು. ಪರ್ವತದ ಒಲೆಯಲ್ಲಿ ಈ ಅನಿಲ ಹೆಚ್ಚಾಗಲು ಅದೂ ಒಂದು ಕಾರಣ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬಾರದು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವ ಸೆಳೆತಕ್ಕಿಂತ ಇದರ ಮೇಲಿನ ಸೆಳೆತ ಇನ್ನೂರು ಪಟ್ಟಿಗೂ ಮಿಗಿಲು. ಮೊದಲೇ ಆಮ್ಲಜನಕ ವಿರಳವಾಗಿರುವ ಎತ್ತರದಲ್ಲಿ, ಇರುವ ಅಲ್ಪವನ್ನೂ ಹೊರಲು ರಕ್ತದಲ್ಲಿ ಸ್ಥಳವಿಲ್ಲದಂತಾಗುತ್ತದೆ. ಇನ್ನೊಂದು ಕೇಡೆಂದರೆ, ಇದರ ಚಿಹ್ನೆಗಳಾದ ತಲೆನೋವು, ವಾಕರಿಕೆ, ಸುಸ್ತು, ತೂಕಡಿಕೆಗಳು ಎತ್ತರದಿಂದ ಬರುವ ಪರ್ವತವ್ಯಾಧಿಯ ಚಿಹ್ನೆಗಳನ್ನೇ ಹೋಲುತ್ತವೆ. ‘ಎತ್ತರಕ್ಕೆ ಬಂದಿದ್ದೇವೆ, ತಲೆ ನೋಯುವುದು ಸಹಜ’ ಎಂದುಕೊಂಡು ಮಲಗಿದವರು ಏಳದೆಯೇ ಹೋಗಬಹುದು. ಒಲೆ ಉರಿಯುತ್ತಿರುವಾಗ ಒಳಗಿರುವ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ ಪರ್ವತವನ್ನು ದೂರುವ ಮೊದಲು ಒಲೆಯನ್ನು ಸಂದೇಹಿಸಿ, ಅದನ್ನು ಆರಿಸಿ, ಎಲ್ಲರೂ ಹೊರಗೆ ಬರಬೇಕು. ಅಡಿಗೆ ನಡೆಯುವಷ್ಟು ಹೊತ್ತು ಬಾಗಿಲು ಅರೆತೆರೆದಿರಬೇಕು. ಮಲಗುವಾಗ ಒಲೆ ಆರಿರಲೇಬೇಕು. ಇದರಲ್ಲಿ ರಿಯಾಯಿತಿಯಿಲ್ಲ.

ಒಲೆಯಿಲ್ಲದಿದ್ದರೆ ಕಿಂಡಿಯನ್ನು ಮುಚ್ಚಬಹುದೇ? ನಮ್ಮ ಪೀಪಾಯಿಮನೆಗೆ ಹಿಂದಿರುಗೋಣ. ಅದರ ಒಳಗೆ ಹಿಡಿಸುವುದು ಸುಮಾರು ನಾಲ್ಕೂವರೆ ಘನ ಮೀಟರ್ ಗಾಳಿ. ನಾಲ್ವರು ನಿದ್ರಿಸುವವರು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವು, ಆ ಎತ್ತರದ ವಿರಳ ಒತ್ತಡದಲ್ಲಿ, ಗಂಟೆಗೆ ೭೦ ಲೀಟರಿನಷ್ಟಾಗುತ್ತದೆ. ರಾತ್ರಿ ಬಿದ್ದ ಹಿಮವು ಮನೆಯನ್ನು ಮುಚ್ಚಿ ಎಲ್ಲ ಸಂದುಗಳನ್ನೂ ತುಂಬಿತೆಂದು ಭಾವಿಸಿದರೆ, ಗಂಟೆಗೆ ನೂರಕ್ಕೆ ಒಂದೂವರೆ ಪಾಲಿನಂತೆ ಆ ಅನಿಲ ಏರುತ್ತದೆ. ಮೂರು ಗಂಟೆಗಳಲ್ಲಿ ನೂರಕ್ಕೆ ನಾಲ್ಕೈದು. ಅಷ್ಟರಲ್ಲಿ ಏದುಸಿರು, ತಲೆ ಸಿಡಿತ, ಮುಂದಿನದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಗಾಳಿಯನ್ನು ಒಳಗೆ ಬಿಡಲು ಎಷ್ಟು ಶಾಖವನ್ನು ಕಳೆದುಕೊಳ್ಳಬೇಕು? ಎಲ್ಲರೂ ತುಂಬ ಹೆಚ್ಚೆಂದು ಭಾವಿಸುತ್ತಾರೆ; ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಆ ಅನಿಲವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆಯಲ್ಲಿ ತಡೆಹಿಡಿಯಲು ಗಂಟೆಗೆ ಹತ್ತು ಘನ ಮೀಟರ್ ಹೊಸಗಾಳಿ ಸಾಕು. ತಗ್ಗಿನಲ್ಲೊಂದು, ಮೇಲೊಂದು, ಅಂಗೈಯಗಲದ ಎರಡು ಕಿಂಡಿಗಳಿದ್ದರೆ, ದೀಪದ ಕುಡಿ ಸ್ವಲ್ಪ ಅಲುಗುವಷ್ಟು ಮಂದವಾದ ಹರಿವಿನಲ್ಲಿಯೂ ಇಷ್ಟು ಗಾಳಿ ಬರುತ್ತದೆ. ಎತ್ತರದ ತೆಳುವಾದ ಗಾಳಿಯ ಹತ್ತು ಘನ ಮೀಟರ್ ತೂಗುವುದು ಸುಮಾರು ಎಂಟು ಕಿಲೋಗ್ರಾಮ್ ಮಾತ್ರ. ಅದನ್ನು ಏಳೂವರೆ ಡಿಗ್ರಿಯಷ್ಟು ಕಾಯಿಸಲು ತಗಲುವುದು ೨೦ ವಾಟ್‌ಗಿಂತಲೂ ಕಡಿಮೆ. ಮುನ್ನೂರರಲ್ಲಿ ಇಪ್ಪತ್ತು! ಮನೆಯ ಉಷ್ಣತೆ ಇಳಿಯುವುದು ಅರ್ಧ ಡಿಗ್ರಿಯಷ್ಟು. ಗೋಡೆಗಳ ಮೂಲಕ ಸದ್ದಿಲ್ಲದೆ ಸೋರಿಹೋಗುವ ಶಾಖದ ಮುಂದೆ ಕಿಂಡಿಯ ನಷ್ಟವು ಗಣನೆಗೇ ಬಾರದು. ಚಳಿಗಾಳಿ ಮುಖಕ್ಕೆ ತಾಗುವುದರಿಂದ ಕಿಂಡಿಯ ಮೇಲೆ ನಮಗೆ ಸಿಟ್ಟು. ಕಾಣದ ಗೋಡೆಯ ಮೇಲೆ ಸಿಟ್ಟಿಲ್ಲ. ಅಷ್ಟು ಅಲ್ಪವಾದುದನ್ನು ಉಳಿಸಲು ಹೋಗಿ ಪ್ರಾಣವನ್ನು ಒತ್ತೆಯಿಡುವುದು ನನ್ನ ಮಟ್ಟಿಗಂತೂ ಅತ್ಯಂತ ದುಬಾರಿಯಾದ ಮಿತವ್ಯಯ. ರಾತ್ರಿ ಹಿಮ ಬೀಳುತ್ತಿದ್ದರೆ ಒಬ್ಬರಾದ ಮೇಲೊಬ್ಬರು ಎದ್ದು ಕೋಲಿನಿಂದ ಕಿಂಡಿಯನ್ನು ಚುಚ್ಚಿ ಬಿಡಿಸುತ್ತಿರಬೇಕು.

ಕಿಂಡಿಯಿಂದ ಇನ್ನೊಂದು ಲಾಭವೂ ಇದೆ. ಉಸಿರು ಮತ್ತು ಬೆವರುಗಳ ರೂಪದಲ್ಲಿ ನಾಲ್ವರು ಒಂದು ರಾತ್ರಿಯಲ್ಲಿ ಸುಮಾರು ಒಂದು ಲೀಟರ್ ನೀರನ್ನು ಆವಿಯಾಗಿ ಬಿಡುತ್ತಾರೆ. ಹೋಗಲು ದಾರಿಯಿಲ್ಲದ ಆವಿ ತಣ್ಣನೆಯ ತಗಡಿನ ಮೇಲೆ ಇಬ್ಬನಿಯಾಗಿ, ಹರಳುಗಟ್ಟಿ, ಬೆಳಗಿನ ಬಿಸಿಲು ತಾಗಿದೊಡನೆ ಮಲಗಿದವರ ಮೇಲೆ ಮಳೆಯಾಗಿ ಸುರಿಯುತ್ತದೆ. ಹೊದಿಕೆಯು ತೊಯ್ದರೆ ಎಳೆಗಳ ನಡುವಿನ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ಎರಡನೆಯ ರಾತ್ರಿಯೂ ಅಲ್ಲಿಯೇ ಕಳೆಯಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಗಾಳಿ, ಚಳಿ, ವಿಷಾನಿಲ ಇವುಗಳಿಂದ ಪಾರಾದ ಮೇಲೆಯೂ ಗುಡಿಸಲು ತಡೆಯಲಾರದ ಒಂದು ಸಂಗತಿ ಉಳಿಯುತ್ತದೆ. ಅದು ಎತ್ತರ. ನಾಲ್ಕು ಸಾವಿರ ಮೀಟರಿನಲ್ಲಿ ಪ್ರತಿ ಉಸಿರಿನಲ್ಲಿಯೂ ಸಮುದ್ರಮಟ್ಟದಲ್ಲಿ ದೊರೆಯುವುದರ ನೂರಕ್ಕೆ ಅರವತ್ತರಷ್ಟು ಆಮ್ಲಜನಕ ಮಾತ್ರ ದೊರೆಯುತ್ತದೆ. ಪಕ್ಕದಲ್ಲಿ ಮಲಗಿದವನ ಉಸಿರಾಟವು ರಾತ್ರಿಯಲ್ಲಿ ಬರಬರುತ್ತ ಕ್ಷೀಣವಾಗಿ, ಪೂರ್ತಿ ನಿಂತು, ಹಲವು ಸೆಕೆಂಡುಗಳ ಅನಂತರ ಏದುಸಿರಿನೊಡನೆ ಮತ್ತೆ ಆರಂಭವಾಗುವುದನ್ನು ಕೇಳಿ ಗಾಬರಿಗೊಂಡವರುಂಟು. ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಂಟೆ ರೋಸಾ ಪರ್ವತದ ಮೇಲೆ ಈ ಉಸಿರಾಟವನ್ನು ಅಭ್ಯಸಿಸಿದನು. ಆಮ್ಲಜನಕದ ಕೊರತೆಯಿಂದ ಉಸಿರು ಜೋರಾಗುತ್ತದೆ. ಜೋರಾದ ಉಸಿರು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡನ್ನು ತೊಳೆದು ಹಾಕುತ್ತದೆ. ಉಸಿರಾಡೆಂದು ಮಿದುಳಿಗೆ ಸೂಚನೆ ಕೊಡುವುದು ಮುಖ್ಯವಾಗಿ ಆ ಅನಿಲವೇ ಆದುದರಿಂದ ಉಸಿರು ನಿಲ್ಲುತ್ತದೆ. ಅನಿಲ ಮತ್ತೆ ಕೂಡಿಕೊಂಡು, ಆಮ್ಲಜನಕವೂ ಕುಸಿದಾಗ ಪುನಃ ಆರಂಭವಾಗುತ್ತದೆ. ಇದರಿಂದ ನಿದ್ರೆ ಕೆಡುವುದೇ ಹೊರತು ಆರೋಗ್ಯವಂತನಿಗೆ ಹೆಚ್ಚಿನ ಅಪಾಯವಿಲ್ಲ.

ಅಪಾಯವಿರುವುದು ಬೇರೊಂದರಲ್ಲಿ. ೧೮೯೦ರಲ್ಲಿ ಜೋಸೆಫ್ ವಾಲೋ ಎಂಬ ಫ್ರೆಂಚ್ ವಿಜ್ಞಾನಿ ಮಾಂಟ್ ಬ್ಲಾಂಕ್ ಪರ್ವತದ ಮೇಲೆ, ೪೩೦೦ ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಒಂದು ವೀಕ್ಷಣಾಲಯವನ್ನು ಕಟ್ಟಿಸಿದನು. ಆರೋಹಿಗಳಿಗೂ ಅದರಲ್ಲಿ ಆಸರೆ ದೊರೆಯುತ್ತಿತ್ತು. ಮರುವರ್ಷ ಎಟಿಯೆನ್ ಜಾಕೋಟೆ ಎಂಬ ಯುವಕ ವೈದ್ಯನು ಎತ್ತರವು ದೇಹದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಪರೀಕ್ಷಿಸಬೇಕೆಂದು ಅಲ್ಲಿ ಉಳಿದನು. ಕಾಯಿಲೆ ಬಿದ್ದನು. ಕೆಳಗಿಳಿಯಲು ಒಪ್ಪಲಿಲ್ಲ; ತನ್ನ ಕಾಯಿಲೆಯನ್ನು ತಾನೇ ಅವಲೋಕಿಸುವ ಅವಕಾಶವನ್ನು ಬಿಡಲು ಅವನ ಮನಸ್ಸು ಒಪ್ಪದೆ ಹೋಯಿತು. ೧೮೯೧ನೆಯ ಸೆಪ್ಟೆಂಬರ್ ೨ರಂದು, ಗೋಡೆ ಮಾಡುಗಳು ಭದ್ರವಾಗಿದ್ದ ಮನೆಯೊಳಗೆ, ಅವನು ತೀರಿಕೊಂಡನು. ಶವಪರೀಕ್ಷೆಯಲ್ಲಿ ಶ್ವಾಸಕೋಶಗಳು ದ್ರವದಿಂದ ತುಂಬಿದ್ದವು. ಬಹುಕಾಲ ಇಂತಹ ಸಾವುಗಳನ್ನು ನ್ಯುಮೋನಿಯಾ ಎಂದೇ ಎಣಿಸುತ್ತಿದ್ದರು. ೧೯೬೦ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂಸ್ಟನ್ ಇಂತಹ ರೋಗಿಯೊಬ್ಬನ ವಿವರಗಳನ್ನು ಪ್ರಕಟಿಸಿದ ಮೇಲೆ, ಇದು ಸೋಂಕಲ್ಲ, ಎತ್ತರದಿಂದಲೇ ಶ್ವಾಸಕೋಶದಲ್ಲಿ ನೀರೂರುವ ಸ್ಥಿತಿಯೆಂದು ವೈದ್ಯಲೋಕ ಒಪ್ಪಿತು. ಸುಮ್ಮನೆ ಕುಳಿತಿರುವಾಗಲೂ ಏದುಸಿರು, ನೊರೆಗೂಡಿದ ಕಫ, ನಡೆಯುವಾಗ ತೂರಾಡುವುದು, ಮಾತು ತೊಡರುವುದು ಇವುಗಳಲ್ಲಿ ಯಾವುದು ಕಂಡರೂ ಆ ಮನೆ ಇನ್ನು ಆಸರೆಯಲ್ಲ. ಕೆಲವು ನೂರು ಮೀಟರ್ ಕೆಳಗಿಳಿಯುವುದೇ ಅಲ್ಲಿ ಮೊದಲ ಚಿಕಿತ್ಸೆ.

ಸಿಡಿಲಿನ ಬಗೆಗೆ ಒಂದು ಮಾತು. ತಗಡು ಹೊದಿಸಿದ ಗುಡಿಸಲು ಏಣಿನ ತುದಿಯಲ್ಲಿ ಸಿಡಿಲನ್ನು ಕರೆಯುವಂತೆ ನಿಂತಿದ್ದರೂ ಒಳಗಿರುವವರು ಬಯಲಿನಲ್ಲಿರುವವರಿಗಿಂತ ಕ್ಷೇಮ. ಲೋಹದ ಪಂಜರದ ಹೊರಮೈಯಲ್ಲಿಯೇ ವಿದ್ಯುತ್ತು ಹರಿದುಹೋಗುವುದೆಂದು ಫ್ಯಾರಡೆ ೧೮೩೬ರಲ್ಲಿಯೇ ತೋರಿಸಿದ್ದಾನೆ. ಗೋಡೆಗೆ ಒರಗದಿದ್ದರೆ ಸರಿ.

ಬೆಳಗಾಗಿ, ಗಾಳಿ ನಿಂತು, ಹೊರಡುವ ಹೊತ್ತು ಬಂದಾಗ ಆಳಿಲ್ಲದ ಮನೆಯಲ್ಲಿ ಆಳಿನ ಕೆಲಸವು ತಂಗಿದವನದೇ. ಒಳಗೆ ಬಂದ ಹಿಮವನ್ನು ಗುಡಿಸಿ ಹೊರಹಾಕುವುದು, ಕಂಬಳಿಗಳನ್ನು ಕೊಡವ ಮಡಿಸಿಡುವುದು, ಪಾತ್ರೆಯಲ್ಲಿನ ನೀರನ್ನು ಚೆಲ್ಲಿ ಬೋರಲಿಡುವುದು, ಸಲಿಕೆಯನ್ನು ಕೈಗೆ ಸಿಕ್ಕುವಲ್ಲಿ ಇಡುವುದು. ಎಲ್ಲಕ್ಕಿಂತ ಮುಖ್ಯವಾದುದು ಬಾಗಿಲಿನ ಅಗಣಿ. ಎರಡು ಬೆರಳಿನ ಸಂದು ಉಳಿದರೂ ಸಾಕು, ಬಿರುಗಾಳಿಯು ಹಿಟ್ಟಿನಂತಹ ನುಣ್ಣನೆಯ ಹಿಮವನ್ನು ಅದರ ಮೂಲಕ ಒಳಗೆ ತೂರುತ್ತದೆ; ಒಳಗೆ ಗಾಳಿ ನಿಂತಲ್ಲಿ ಹಿಮವೂ ನಿಲ್ಲುತ್ತದೆ, ರಾಶಿಯಾಗುತ್ತದೆ. ಹಗಲಿನಲ್ಲಿ ತಗಡು ಕಾದು ಅದು ಅರೆ ಕರಗಿ, ರಾತ್ರಿ ಗಡ್ಡೆಯಾಗಿ, ಹಾಸು ಹೊದಿಕೆಗಳನ್ನು ತನ್ನೊಳಗೆ ಸೇರಿಸಿಕೊಂಡು ನೆಲಕ್ಕೆ ಬೆಸೆದುಬಿಡುತ್ತದೆ. ಮುಂದೊಂದು ದಿನ ಕತ್ತಲೆಯಲ್ಲಿ ಅಗಣಿಯನ್ನು ತಡಕುತ್ತ ಬರುವವನಿಗೆ ಆಗ ಬಾಗಿಲು ತೆರೆದೇ ಇರುತ್ತದೆ, ಒಳಗೆ ಮಾತ್ರ ಮಲಗಲು ಸ್ಥಳವಿರುವುದಿಲ್ಲ.